ನಿರ್ಧರಿಸುವ ಮನಸ್ಸು, ಸಹಿ ಹಾಕುವ ಕೈ

ನಮ್ಮ ದೇಶದ ಆಡಳಿತದ ಬಗ್ಗೆ ಶಾಲಾ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಒಂದು ಹಿರಿಯರನ್ನೂ ತುಸು ತಡವರಿಸುವಂತೆ ಮಾಡುತ್ತದೆ: ರಾಷ್ಟ್ರಪತಿ ದೊಡ್ಡವರೋ, ಪ್ರಧಾನಮಂತ್ರಿ ದೊಡ್ಡವರೋ? ಗೌರವದಲ್ಲಿ ರಾಷ್ಟ್ರಪತಿ, ಅಧಿಕಾರದಲ್ಲಿ ಪ್ರಧಾನಮಂತ್ರಿ ಎಂದು ಉತ್ತರಿಸಿ ನಾವು ಮುಂದೆ ಸಾಗುತ್ತೇವೆ. ಪರೀಕ್ಷೆಯಲ್ಲಿ ಅಂಕ ಪಡೆಯಲು ಅಷ್ಟು ಸಾಕು. ಆದರೆ ಆ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿದೆ. ಅದನ್ನು ಮಕ್ಕಳು ಕೇಳುವುದಿಲ್ಲ. ನಾವೂ ಕೇಳಿಕೊಳ್ಳುವುದು ಅಪರೂಪ. ಒಬ್ಬರು ನಿರ್ಧರಿಸಿ ಇನ್ನೊಬ್ಬರು ಸಹಿ ಹಾಕುವ ಆಡಳಿತದಲ್ಲಿ ಆ ಕಾರ್ಯದಿಂದ ಅನ್ಯಾಯ ನಡೆದರೆ ಅದರ ಹೊಣೆ ಯಾರ ಹೆಗಲಿಗೆ?

ಸಂವಿಧಾನದ 53ನೇ ವಿಧಿಯನ್ನು ಮಾತ್ರ ಓದಿದವರಿಗೆ ಸಂದೇಹವೇ ಬರಲಾರದು. ಒಕ್ಕೂಟದ ಕಾರ್ಯಾಂಗದ ಅಧಿಕಾರವೆಲ್ಲ ರಾಷ್ಟ್ರಪತಿಯಲ್ಲಿ ನಿಹಿತವಾಗಿದೆ ಎಂದು ಅದು ಸಾರುತ್ತದೆ. ಸೇನೆಯ ಪರಮಾಧಿಕಾರವೂ ಅವರದೇ. ಆದರೆ 74ನೇ ವಿಧಿಗೆ ಬಂದಾಗ ಚಿತ್ರ ಬದಲಾಗುತ್ತದೆ: ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿಮಂಡಲವೊಂದು ಇರತಕ್ಕದ್ದು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟ ಡಾ. ಅಂಬೇಡ್ಕರ್ ಅವರು, ನಮ್ಮ ರಾಷ್ಟ್ರಪತಿಯ ಸ್ಥಾನ ಅಮೆರಿಕದ ಅಧ್ಯಕ್ಷರಂತಲ್ಲ, ಇಂಗ್ಲೆಂಡಿನ ರಾಜನಂತೆ ಎಂದು ಸ್ಪಷ್ಟಪಡಿಸಿದ್ದರು. ಆದರೂ ಸಲಹೆಗೆ ರಾಷ್ಟ್ರಪತಿ ಬದ್ಧರೆಂಬ ಮಾತನ್ನು ಅಂದು ಅಕ್ಷರದಲ್ಲಿ ಬರೆಯಲಿಲ್ಲ. ಮೊದಲ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು 1960ರಲ್ಲಿ ಬಹಿರಂಗ ಸಭೆಯಲ್ಲೇ, ನಮ್ಮ ರಾಷ್ಟ್ರಪತಿ ಎಲ್ಲ ವಿಷಯದಲ್ಲೂ ಇಂಗ್ಲೆಂಡಿನ ರಾಜನಿಗೆ ಸಮಾನರೇ ಎಂಬುದು ಅಧ್ಯಯನಕ್ಕೆ ಅರ್ಹ ಎಂದು ಸೂಚಿಸಿದಾಗ ದೆಹಲಿಯಲ್ಲಿ ಕಸಿವಿಸಿ ಉಂಟಾಯಿತು. 1976ರ 42ನೇ ತಿದ್ದುಪಡಿ ಆ ಸಂದೇಹವನ್ನು ಮುಗಿಸಿತು: ರಾಷ್ಟ್ರಪತಿ ಸಲಹೆಯಂತೆಯೇ ನಡೆಯತಕ್ಕದ್ದು.

ಗುರುಮಠದಲ್ಲಿ ಧರ್ಮಸಭೆಯ ಕಾನೂನನ್ನು ಓದಿದವರಿಗೆ ಈ 'ಸಲಹೆ' ಎಂಬ ಪದ ಇಲ್ಲಿ ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮ ಕಾನೂನಿನಲ್ಲಿ ಸಲಹೆ ಬೇರೆ, ಸಮ್ಮತಿ ಬೇರೆ. ಸಮ್ಮತಿ ಬೇಕೆಂದಿರುವಲ್ಲಿ ಅದಿಲ್ಲದೆ ಧರ್ಮಾಧ್ಯಕ್ಷರು ಮಾಡಿದ ಕಾರ್ಯ ಅಸಿಂಧು. ಸಲಹೆ ಬೇಕೆಂದಿರುವಲ್ಲಿ ಅವರು ಕೇಳಲೇಬೇಕು, ಆದರೆ ಅದರಂತೆ ನಡೆಯಲೇಬೇಕೆಂದಿಲ್ಲ. ಸಂವಿಧಾನದಲ್ಲಾದರೋ ಸಲಹೆ ಎಂಬುದು ಆಜ್ಞೆಗೆ ತೊಡಿಸಿದ ಮರ್ಯಾದೆಯ ಶಾಲು.

ಅಮೆರಿಕದಲ್ಲಿ ಈ ಶಾಲಿನ ಅಗತ್ಯವಿಲ್ಲ. ಅಲ್ಲಿ ನಿರ್ಧರಿಸುವವರೂ ಸಹಿ ಹಾಕುವವರೂ ಒಬ್ಬರೇ. ಹಾಗಾಗಿ ಅಲ್ಲಿನ ಅಧ್ಯಕ್ಷರೇ ಜಗತ್ತಿನ ಅತ್ಯಂತ ಬಲಶಾಲಿ ಅಧಿಕಾರಿ ಎಂದು ನಾವು ಭಾವಿಸುತ್ತೇವೆ. ಇದು ಅರ್ಧ ಸತ್ಯ. ಮಂತ್ರಿಗಳ ನೇಮಕಕ್ಕೆ ಅವರಿಗೆ ಸೆನೆಟ್ಟಿನ ಒಪ್ಪಿಗೆ ಬೇಕು. ಅವರ ಹಣದ ಬೇಡಿಕೆಯನ್ನು ಕಾಂಗ್ರೆಸ್ಸು ತಡೆಹಿಡಿದು ಸರ್ಕಾರಿ ಕಚೇರಿಗಳಿಗೇ ಬೀಗ ಬೀಳುವುದುಂಟು. ಲೋಕಸಭೆಯಲ್ಲಿ ಸ್ವಂತ ಬಹುಮತವಿರುವ ನಮ್ಮ ಪ್ರಧಾನಮಂತ್ರಿಗೆ ಇಂಥ ಕಷ್ಟವಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಪಕ್ಷದ ಸದಸ್ಯರು ವಿಪ್ ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬೇಕಾದೀತು. ಅಂದರೆ ದಿನನಿತ್ಯದ ಆಡಳಿತದಲ್ಲಿ ಬಹುಮತದ ಪ್ರಧಾನಿ ಅಮೆರಿಕದ ಅಧ್ಯಕ್ಷರಿಗಿಂತ ಬಲಶಾಲಿ.

ಆದರೆ ಬೀಳುವ ವಿಷಯದಲ್ಲಿ? 1999ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ವಿರುದ್ಧದ ಒಂದು ಆರೋಪಕ್ಕೆ ನೂರರಲ್ಲಿ 50 ಸೆನೆಟರುಗಳು ದೋಷಿ ಎಂದು ಮತ ಹಾಕಿದರು. ಮೂರನೇ ಎರಡರಷ್ಟು ಮತ ಬೇಕಾಗಿದ್ದರಿಂದ ಅವರು ಉಳಿದರು. ಅದೇ ವರ್ಷ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ 269ಕ್ಕೆ 270, ಒಂದೇ ಮತದಿಂದ ಬಿತ್ತು. ಅದಕ್ಕೆ ಎರಡು ವರ್ಷ ಮೊದಲು, 1997ರ ಏಪ್ರಿಲ್ 11ರಂದು, ಕನ್ನಡಿಗರೇ ಆದ ಎಚ್.ಡಿ. ದೇವೇಗೌಡರು ಹತ್ತು ತಿಂಗಳ ಅಧಿಕಾರದ ಬಳಿಕ ವಿಶ್ವಾಸಮತ ಕಳೆದುಕೊಂಡಿದ್ದರು. ಅವರ ಮೇಲೆ ಯಾವ ಅಪರಾಧವನ್ನೂ ಹೊರಿಸಬೇಕಾಗಲಿಲ್ಲ. ಬೆಂಬಲ ಹಿಂದೆಗೆದರೆ ಸಾಕಾಯಿತು. ಪ್ರಧಾನಿಯ ಅಧಿಕಾರ ದೊಡ್ಡದು, ಆದರೆ ಅದು ದಿನದಿನದ ಸಾಲ. ಅಧ್ಯಕ್ಷರ ಅಧಿಕಾರ ನಾಲ್ಕು ವರ್ಷದ ಗುತ್ತಿಗೆ.

ಈ ತುಲನೆಯನ್ನು ರಾಜ್ಯಶಾಸ್ತ್ರದ ಉಪನ್ಯಾಸಕರು ನನಗಿಂತ ಚೆನ್ನಾಗಿ ಮಾಡಬಲ್ಲರು. ನನ್ನನ್ನು ಕಾಡುವುದು ಸಹಿಯ ಪ್ರಶ್ನೆ. ಅದಕ್ಕೆ 1975ರ ಜೂನ್ 25ರ ರಾತ್ರಿಗೆ ಹೋಗಬೇಕು.

ಅಂದು ರಾತ್ರಿ ಪ್ರಧಾನಿ ಇಂದಿರಾಗಾಂಧಿಯವರು ತುರ್ತುಪರಿಸ್ಥಿತಿಯ ಘೋಷಣೆಗೆ ಶಿಫಾರಸು ಮಾಡಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರಿಗೆ ಪತ್ರ ಕಳುಹಿಸಿದರು. ಮಂತ್ರಿಮಂಡಲ ಸಭೆ ಸೇರಿರಲಿಲ್ಲ. ಸಹಿ ಬಿದ್ದದ್ದು ನಡುರಾತ್ರಿಯ ಹೊತ್ತಿಗೆ. ಮಂತ್ರಿಗಳಿಗೆ ವಿಷಯ ತಿಳಿದದ್ದು ಮರುದಿನ ಬೆಳಗಿನ ಆರು ಗಂಟೆಯ ಸಭೆಯಲ್ಲಿ. ದೆಹಲಿಯಲ್ಲಿ ಒಣಗಿದ ಶಾಯಿ ಬೆಂಗಳೂರು ತಲುಪಲು ತಡವಾಗಲಿಲ್ಲ. ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು 26ರಂದೇ ಇಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಗೆ ಒಯ್ಯಲಾಯಿತು. ಮರುವರ್ಷ ಮೇ ತಿಂಗಳಲ್ಲಿ ಇದೇ ನಗರದಲ್ಲಿ ಪೊಲೀಸರು ಲಾರೆನ್ಸ್ ಫೆರ್ನಾಂಡಿಸರನ್ನು ಹಿಡಿದು, ಭೂಗತರಾಗಿದ್ದ ಅಣ್ಣ ಜಾರ್ಜ್ ಎಲ್ಲಿ ಎಂದು ಕೇಳುತ್ತ ಚಿತ್ರಹಿಂಸೆ ನೀಡಿದರು. ಮಂಗಳೂರಿನ ಕಥೋಲಿಕ ಮನೆತನದ ಆ ಅಣ್ಣ ಹದಿಹರೆಯದಲ್ಲಿ ಗುರುವಾಗಲೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠಕ್ಕೆ ಬಂದು, ಅಲ್ಲಿಂದ ಹೊರನಡೆದು ಕಾರ್ಮಿಕ ನಾಯಕರಾದವರು. ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಈ ನೋವುಗಳಲ್ಲಿ ರಾಷ್ಟ್ರಪತಿಯ ಪಾಲೆಷ್ಟು? ಅಬು ಅಬ್ರಹಾಂ ಅವರು ಅದೇ 1975ರ ಡಿಸೆಂಬರಿನಲ್ಲಿ ಬರೆದ ಒಂದು ವ್ಯಂಗ್ಯಚಿತ್ರ ಇಂದಿಗೂ ಪ್ರಸಿದ್ಧ. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಮಲಗಿದ್ದಾರೆ. ಸಹಿ ಹಾಕಿದ ಸುಗ್ರೀವಾಜ್ಞೆಯನ್ನು ಬಾಗಿಲ ಸಂದಿಯ ಕೈಗೆ ಕೊಡುತ್ತ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ನಗು ಬರುತ್ತದೆ. ಆದರೆ ನೀತಿಶಾಸ್ತ್ರ ಆ ತೊಟ್ಟಿಯಲ್ಲಿ ಮಲಗಿದವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸಂತ ಅಲ್ಫೋನ್ಸುಸ್ ಲಿಗೋರಿಯವರ ಪರಂಪರೆಯಲ್ಲಿ ಅನ್ಯರ ಕೆಡುಕಿಗೆ ನೀಡುವ ಸಹಕಾರವನ್ನು ಎರಡಾಗಿ ನೋಡುತ್ತಾರೆ: ಕೆಡುಕನ್ನೇ ಬಯಸಿ ಕೈಜೋಡಿಸುವುದು ಒಂದು, ಬಯಸದೆ, ತನ್ನ ಕೆಲಸದ ಮೂಲಕ ಅದಕ್ಕೆ ಎಡೆಮಾಡಿಕೊಡುವುದು ಇನ್ನೊಂದು. ಎರಡನೆಯದು ಕೆಲವೊಮ್ಮೆ ಕ್ಷಮ್ಯ. ಆದರೆ ಕೆಡುಕಿಗೆ ನಮ್ಮ ಸಹಕಾರ ಎಷ್ಟು ಹತ್ತಿರವೋ, ಎಷ್ಟು ಅನಿವಾರ್ಯವೋ, ಅಷ್ಟು ಗಟ್ಟಿಯಾದ ಕಾರಣ ನಮ್ಮ ಬಳಿ ಇರಬೇಕು. ರಾಷ್ಟ್ರಪತಿಯ ಸಹಿಯಿಲ್ಲದೆ ಆ ರಾತ್ರಿಯ ಘೋಷಣೆ ಬರಿಯ ಕಾಗದ. ಇದಕ್ಕಿಂತ ಹತ್ತಿರದ ಸಹಕಾರ ಯಾವುದು? ಕಾನೂನಿನ ದೃಷ್ಟಿಯಿಂದ ಅವರು ಬದ್ಧರಾಗಿದ್ದರು ಎನ್ನುವವರಿದ್ದಾರೆ. ಇರಲಿ. ಮಂತ್ರಿಮಂಡಲ ಇದನ್ನು ಒಪ್ಪಿದೆಯೇ ಎಂದು ಕೇಳಲು ಯಾವ ಕಾನೂನೂ ಅಡ್ಡಿಯಾಗಿರಲಿಲ್ಲ. 78ನೇ ವಿಧಿಯಂತೆ ಮಾಹಿತಿ ಕೇಳುವುದು ರಾಷ್ಟ್ರಪತಿಯ ಹಕ್ಕೇ ಆಗಿತ್ತು. ಬೆಳಗಾಗುವವರೆಗೆ ಕಾಯಲು ಹೇಳಬಹುದಿತ್ತು. ಪಿಲಾತನೂ ಕೈ ತೊಳೆಯುವ ಮೊದಲು ಒಂದೆರಡು ಪ್ರಶ್ನೆಗಳನ್ನು ಕೇಳಿದ್ದ.

ಹಾಗಾದರೆ ಸಹಿ ಹಾಕಲು ಹಿಂಜರಿದವರೇ ಸಜ್ಜನರು ಎಂದುಕೊಳ್ಳುವ ಮುನ್ನ ಇನ್ನೊಂದು ಪ್ರಸಂಗವನ್ನು ನೋಡೋಣ. ಇದರ ನಾಯಕರು ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, ಬಸವ ಸಮಿತಿಯನ್ನು ಸ್ಥಾಪಿಸಿದವರು: ಬಿ.ಡಿ. ಜತ್ತಿ. ಉಪರಾಷ್ಟ್ರಪತಿಯಾಗಿದ್ದ ಅವರು 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿಯಲ್ಲಿ ಕಾಂಗ್ರೆಸ್ ಸೋತು, ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಏಪ್ರಿಲ್ ಕೊನೆಯಲ್ಲಿ ಹೊಸ ಮಂತ್ರಿಮಂಡಲ, ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆ ನೀಡಿತು. ಲೋಕಸಭೆಯ ಚುನಾವಣೆಯಲ್ಲಿ ಆ ರಾಜ್ಯಗಳ ಜನ ಕಾಂಗ್ರೆಸ್ಸನ್ನು ತಿರಸ್ಕರಿಸಿದ್ದಾರೆ ಎಂಬುದೇ ಕಾರಣ. ಸುಪ್ರೀಂ ಕೋರ್ಟು ಏಪ್ರಿಲ್ 29ರಂದು ರಾಜ್ಯಗಳ ದಾವೆಯನ್ನು ವಜಾ ಮಾಡಿತು. ಆದರೂ ಜತ್ತಿಯವರು ಆ ದಿನ ಸಹಿ ಹಾಕಲಿಲ್ಲ. ಯೋಚಿಸಲು ಸಮಯ ಕೇಳಿದರು. ದೆಹಲಿಯಲ್ಲಿ ಕೋಲಾಹಲವೆದ್ದಿತು. ಮಂತ್ರಿಮಂಡಲ ತನ್ನ ಸಲಹೆಗೆ ಅಂಟಿಕೊಂಡಿತು. ಮರುದಿನ, ಏಪ್ರಿಲ್ 30ರಂದು, ಸಹಿ ಬಿತ್ತು.

1975ರಲ್ಲಿ ಒಬ್ಬ ರಾಷ್ಟ್ರಪತಿ ಹೀಗೆ ಒಂದು ದಿನ ತಡೆದಿದ್ದರೆ ಇಂದು ಅವರನ್ನು ಧೀರರೆಂದು ಕೊಂಡಾಡುತ್ತಿದ್ದೆವು. 1977ರಲ್ಲಿ ತಡೆದ ಜತ್ತಿಯವರಿಗೆ ಸಿಕ್ಕಿದ್ದು ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂಬ ಆಪಾದನೆ. ಆ ಹಿಂಜರಿಕೆ ಅಂತಃಸಾಕ್ಷಿಯದೋ ಪಕ್ಷನಿಷ್ಠೆಯದೋ ಎಂದು ಹೊರಗೆ ನಿಂತವರು ಅಳೆಯಲಾರರು. ವಿಚಿತ್ರವೆಂದರೆ ಅವರು ಎತ್ತಿದ ಸಂಶಯದಲ್ಲಿ ಹುರುಳಿತ್ತು. ಲೋಕಸಭೆಗೆ ಹಾಕಿದ ಮತದಿಂದ ರಾಜ್ಯ ಸರ್ಕಾರವನ್ನು ಅಳೆಯುವುದು ಸರಿಯೇ? ಮೂರೇ ವರ್ಷಗಳಲ್ಲಿ, 1980ರಲ್ಲಿ, ಮರಳಿ ಬಂದ ಇಂದಿರಾಗಾಂಧಿಯವರು ಅದೇ ವಾದ ಹೂಡಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಜನತಾ ಪಕ್ಷದವರು ಹಾಕಿಕೊಟ್ಟ ದಾರಿಯೇ ಅವರಿಗೆ ಮುಳುವಾಯಿತು.

ಆದರೂ ಜತ್ತಿಯವರು ಕೊನೆಗೆ ಸಹಿ ಹಾಕಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಏಕೆಂಬುದನ್ನು ನಮ್ಮ ಜಿಲ್ಲೆಯ ಚರಿತ್ರೆಯೇ ಹೇಳುತ್ತದೆ.

1977ರಲ್ಲಿ ಉತ್ತರ ಭಾರತ ಇಂದಿರಾಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕ ತನ್ನ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಮರುವರ್ಷ ಮೂಡಿಗೆರೆ ಸೀಮೆಯ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಲೋಕಸಭಾ ಸ್ಥಾನಕ್ಕೆ ರಾಜೀನಾಮೆ ನೀಡಿ ಅವರಿಗೆ ದಾರಿ ಮಾಡಿಕೊಟ್ಟರು. 1978ರ ನವೆಂಬರಿನ ಆ ಉಪಚುನಾವಣೆಯಲ್ಲಿ ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಬೆಂಗಳೂರಿನಲ್ಲಿ ತಮ್ಮನನ್ನು ಹಿಂಸಿಸಿದ್ದನ್ನು ಮರೆಯದ, ಆಗ ಕೇಂದ್ರಮಂತ್ರಿಯಾಗಿದ್ದ ಜಾರ್ಜ್ ಫೆರ್ನಾಂಡಿಸರೂ ಪ್ರಚಾರಕ್ಕೆ ಬಂದರು. ಬಾಬಾಬುಡನಗಿರಿಯ ದಾರಿಯಲ್ಲಿರುವ ಅತ್ತಿಗುಂಡಿಯಿಂದ ಕಳಸದ ತನಕ ಜನ ಸಾಲುಗಟ್ಟಿ ಮತ ಹಾಕಿದರು. ಇಂದಿರಾಗಾಂಧಿಯವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿ ಅಧಿವೇಶನ ಮುಗಿಯುವವರೆಗೆ ತಿಹಾರ್ ಸೆರೆಮನೆಗೆ ಕಳಿಸಿತು ಎಂಬುದು ಬೇರೆ ಕಥೆ.

ಆ ತೀರ್ಪು ಸರಿಯೋ ತಪ್ಪೋ ಎಂದು ನಮ್ಮೂರಿನ ಹಿರಿಯರು ಇಂದಿಗೂ ಚರ್ಚಿಸುತ್ತಾರೆ. ನಾನು ಗಮನಿಸುವುದು ಬೇರೊಂದನ್ನು. 1975ರ ಆ ರಾತ್ರಿ ನಿರ್ಧರಿಸಿದವರು ಮೂರು ವರ್ಷಗಳ ಬಳಿಕ ಕಾಫಿ ತೋಟದ ಕಾರ್ಮಿಕರ ಮುಂದೆ ಕೈಮುಗಿದು ನಿಲ್ಲಬೇಕಾಯಿತು. ರಾಯಬರೇಲಿಯಲ್ಲಿ ಸೋತರು, ಚಿಕ್ಕಮಗಳೂರಿನಲ್ಲಿ ಗೆದ್ದರು. ಎರಡೂ ಕಡೆ ಉತ್ತರ ಕೊಡಬೇಕಾಗಿ ಬಂತು. ಸಹಿ ಹಾಕಿದವರಿಗೆ ಎಂದೂ ಆ ಪರೀಕ್ಷೆಯಿಲ್ಲ. ರಾಷ್ಟ್ರಪತಿಯನ್ನು ಆರಿಸುವುದು ಸಂಸದರು ಮತ್ತು ಶಾಸಕರು. ಅತ್ತಿಗುಂಡಿಯ ಮತಗಟ್ಟೆಗೆ ಅವರು ಬರಬೇಕಾಗಿಲ್ಲ. ಜನರಿಗೆ ಉತ್ತರ ಕೊಡಬೇಕಾಗಿಲ್ಲದವರು ಜನರಿಗೆ ಉತ್ತರ ಕೊಡುವವರ ಕೈಯನ್ನು ಕೊನೆಯವರೆಗೂ ಹಿಡಿದು ನಿಲ್ಲಿಸಿದರೆ, ಅವರೆಷ್ಟೇ ಸಾತ್ವಿಕರಾಗಿರಲಿ, ಅದು ಪ್ರಜಾಪ್ರಭುತ್ವವಾಗದು. ಅಮೆರಿಕದ ಅಧ್ಯಕ್ಷರು ಮಸೂದೆಯನ್ನು ತಿರಸ್ಕರಿಸಬಹುದು, ಏಕೆಂದರೆ ಅವರೂ ಮತದಾರರ ಮುಂದೆ ನಿಂತು ಬಂದವರು. ಇಂಥ ನೈತಿಕ ಬಲ ನಮ್ಮ ರಾಷ್ಟ್ರಪತಿಗೆ ಇಲ್ಲ; ಇರಬೇಕೆಂದು ನಾನು ಬಯಸುವುದೂ ಇಲ್ಲ.

ಹಾಗಾದರೆ ಅವರಿಗೆ ಉಳಿದದ್ದೇನು? ನಮ್ಮ ಸುತ್ತಲಿನ ತೋಟಗಳಲ್ಲಿ ಬಟವಾಡೆಯ ದಿನ ರೈಟರ ಮೇಜಿನ ಮುಂದೆ ನಿಲ್ಲುವ ಹೆಂಗಸರನ್ನು ನೀವು ನೋಡಿರಬಹುದು. ಕೂಲಿಯ ದರ ಗೊತ್ತು ಮಾಡಿದವರು ಮಾಲೀಕರು, ಲೆಕ್ಕ ಬರೆದವರು ರೈಟರು. ಓದು ಬಾರದ ಅಜ್ಜಿಯ ಪಾಲಿಗೆ ಇರುವುದು ಹೆಬ್ಬೆಟ್ಟು ಮಾತ್ರ. ಆದರೂ ಬೆರಳಿಗೆ ಶಾಯಿ ತಾಗಿಸುವ ಮುನ್ನ, "ಎಷ್ಟು ಹಾಜ್ರಿ ಬರ್ದೀರಿ ರೈಟ್ರೇ?" ಎಂದು ಕೇಳಿಯೇ ಒತ್ತುತ್ತಾಳೆ. ಲೆಕ್ಕ ತಪ್ಪಿದ್ದರೆ ರೈಟರು ಇನ್ನೊಮ್ಮೆ ಪುಸ್ತಕ ತಿರುವಿಹಾಕಬೇಕಾಗುತ್ತದೆ. ಹೆಬ್ಬೆಟ್ಟಿನ ರಾಷ್ಟ್ರಪತಿ ಎಂದು ಹಂಗಿಸುವವರು ಹೆಬ್ಬೆಟ್ಟಿನ ಈ ಮರ್ಯಾದೆಯನ್ನು ಅರಿಯರು.

1978ರ 44ನೇ ತಿದ್ದುಪಡಿ ರಾಷ್ಟ್ರಪತಿಗೆ ಕೊಟ್ಟದ್ದು ಸರಿಸುಮಾರು ಈ ಅಜ್ಜಿಯ ಹಕ್ಕನ್ನೇ. ಸಲಹೆಯನ್ನು ಮರುಪರಿಶೀಲಿಸಿ ಎಂದು ಒಂದು ಬಾರಿ ಹಿಂದಿರುಗಿಸಬಹುದು. ಮತ್ತೆ ಅದೇ ಬಂದರೆ ಸಹಿ ಹಾಕಲೇಬೇಕು. ತುರ್ತುಪರಿಸ್ಥಿತಿಯ ಘೋಷಣೆಗೆ ಸಚಿವ ಸಂಪುಟದ ಲಿಖಿತ ನಿರ್ಣಯ ಬೇಕೇಬೇಕು ಎಂಬ ನಿಯಮವೂ ಆಗಲೇ ಸೇರಿತು. ಜೂನ್ 25ರ ರಾತ್ರಿ ಕೇಳದೆ ಉಳಿದ ಪ್ರಶ್ನೆಯನ್ನು ಹೀಗೆ ಸಂವಿಧಾನವೇ ಕೇಳುವಂತಾಯಿತು. ಈ ಹಕ್ಕು ಚಿಕ್ಕದೆಂದು ಕಂಡರೂ ಅದರ ಬಲ ಚಿಕ್ಕದಲ್ಲ. 1997ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಕೆ.ಆರ್. ನಾರಾಯಣನ್ ಅವರು ಹಿಂದಿರುಗಿಸಿದಾಗ ಗುಜ್ರಾಲ್ ಸರ್ಕಾರ ಅದನ್ನು ಕೈಬಿಟ್ಟಿತು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸರ್ಕಾರಕ್ಕೂ ಅದೇ ಪ್ರಶ್ನೆ ಹೋಯಿತು. ಎರಡು ಬೇರೆ ಬೇರೆ ಸರ್ಕಾರಗಳಿಗೆ ಒಂದೇ ಅಳತೆ. ಜತ್ತಿಯವರ ಮೇಲೆ ಬಂದ ಬಗೆಯ ಆಪಾದನೆಗೆ ಇಲ್ಲಿ ಎಡೆಯಿರಲಿಲ್ಲ.

ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದ್ದೇ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬೆಂಬಲ ಹಿಂದೆಗೆದಿರುವುದಾಗಿ ಹತ್ತೊಂಬತ್ತು ಶಾಸಕರ ಪತ್ರಗಳು ರಾಜ್ಯಪಾಲರನ್ನು ತಲುಪಿದವು. ಬೆನ್ನಲ್ಲೇ ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ನೀಡಿ ನಮ್ಮ ಸಹಿ ಪಡೆದಿದ್ದಾರೆ, ನಾವು ಮುಖ್ಯಮಂತ್ರಿಯ ಜೊತೆಗಿದ್ದೇವೆ ಎಂದು ಬರೆದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಸಹಿಗಳ ಮೇಲೆ ಸಹಿ: ಶಾಸಕರದು, ರಾಜ್ಯಪಾಲರದು, ರಾಷ್ಟ್ರಪತಿಗಳದು. ಸದನ ಸೇರಿಸಿ ನೋಡಿದಿರಾ ಎಂಬ ಒಂದೇ ಒಂದು ಪ್ರಶ್ನೆಗೆ ಸಹಿ ಒಣಗಿ ಐದು ವರ್ಷವಾದ ಮೇಲೆ ಜೀವ ಬಂತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತವನ್ನು ಅಳೆಯಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಕೊಠಡಿಯಲ್ಲಲ್ಲ ಎಂದು ತೀರ್ಪಿತ್ತಿತು. ದೇಶಕ್ಕೆ ಅದು ದಾರಿದೀಪವಾಯಿತು. ಬೊಮ್ಮಾಯಿಯವರ ಸರ್ಕಾರ ಮಾತ್ರ ಮರಳಿ ಬರಲಿಲ್ಲ. ಅಷ್ಟರಲ್ಲಿ ರಾಜ್ಯ ಇನ್ನೊಂದು ಚುನಾವಣೆಯನ್ನೇ ಮುಗಿಸಿತ್ತು.

ಕೇಳಿದ್ದಾಯಿತು, ಅದೇ ಸಲಹೆ ಮತ್ತೆ ಬಂತು, ಅಂತಃಸಾಕ್ಷಿ ಇನ್ನೂ ಒಪ್ಪುತ್ತಿಲ್ಲ. ಆಗ? ಈ ಪ್ರಶ್ನೆಗೆ ಒಬ್ಬ ಅರಸರು ವಿಲಕ್ಷಣವಾದ ಉತ್ತರ ಕೊಟ್ಟದ್ದುಂಟು. 1990ರಲ್ಲಿ ಬೆಲ್ಜಿಯಂನ ಸಂಸತ್ತು ಗರ್ಭಪಾತಕ್ಕೆ ಅವಕಾಶ ನೀಡುವ ಕಾನೂನನ್ನು ಅಂಗೀಕರಿಸಿತು. ಕಥೋಲಿಕ ವಿಶ್ವಾಸಿಯಾಗಿದ್ದ ರಾಜ ಬೋದ್ವಾ ಅದಕ್ಕೆ ಸಹಿ ಹಾಕಲಾರೆನೆಂದು ಪ್ರಧಾನಿಗೆ ತಿಳಿಸಿದರು. ಜೊತೆಗೆ, ಸಂಸತ್ತಿನ ಇಚ್ಛೆಗೆ ಅಡ್ಡ ಬರಲೂ ಅವರು ಬಯಸಲಿಲ್ಲ. ಏಪ್ರಿಲ್ 4ರಂದು, ರಾಜರು ಆಳಲು ಅಸಮರ್ಥರಾಗಿದ್ದಾರೆಂದು ಮಂತ್ರಿಮಂಡಲ ಘೋಷಿಸಿತು. ಮಂತ್ರಿಗಳೇ ಕಾನೂನಿಗೆ ಸಹಿ ಹಾಕಿದರು. 5ರಂದು ಸಂಸತ್ತು ಅವರನ್ನು ಮರಳಿ ಸಿಂಹಾಸನಕ್ಕೆ ಕರೆಯಿತು. ಕಾನೂನು ನಿಂತಿತು, ರಾಜರ ಕೈ ಅದಕ್ಕೆ ತಾಗಲಿಲ್ಲ. ಇದನ್ನು ನಾಟಕವೆಂದು ಹಾಸ್ಯ ಮಾಡಿದವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಜನರ ನಿರ್ಧಾರವನ್ನು ಕಸಿದುಕೊಳ್ಳದೆ ತನ್ನ ಸಹಿಯನ್ನು ಮಾತ್ರ ಹಿಂತೆಗೆದುಕೊಳ್ಳಲು ಅವರಿಗೆ ಆ ಒಂದೇ ದಾರಿ ಇತ್ತು. ಅದರ ಬೆಲೆಯಾಗಿ ಸಿಂಹಾಸನವನ್ನೇ ಒತ್ತೆಯಿಟ್ಟರು. ಮರಳಿ ಸಿಕ್ಕಿದ್ದು ಸಂಸತ್ತಿನ ಔದಾರ್ಯ.

ನಮ್ಮ ಸಂವಿಧಾನದಲ್ಲಿ ಒಂದು ದಿನದ ಮಟ್ಟಿಗೆ ಸಿಂಹಾಸನ ಇಳಿಯುವ ಏರ್ಪಾಡಿಲ್ಲ. ಒಪ್ಪಲಾಗದ ರಾಷ್ಟ್ರಪತಿಗೆ ಇರುವುದು 56ನೇ ವಿಧಿಯ ಪ್ರಕಾರ ಉಪರಾಷ್ಟ್ರಪತಿಗೆ ಬರೆಯುವ ರಾಜೀನಾಮೆ ಪತ್ರವೊಂದೇ. ಜತ್ತಿಯವರ ಪಾಲಿಗೆ ಅದೂ ತೊಡಕಿನದಾಗಿತ್ತು: ಉಪರಾಷ್ಟ್ರಪತಿ ಅವರೇ, ಉಪರಾಷ್ಟ್ರಪತಿಯ ರಾಜೀನಾಮೆಯನ್ನು ಸ್ವೀಕರಿಸಬೇಕಾದ ರಾಷ್ಟ್ರಪತಿಯ ಸ್ಥಾನದಲ್ಲಿ ಕುಳಿತವರೂ ಅವರೇ. ಹಾಗೆಂದು ಬಾಗಿಲು ಮುಚ್ಚಿರಲಿಲ್ಲ. 1969ರ ಜುಲೈಯಲ್ಲಿ ಇಂಥದೇ ಸ್ಥಾನದಲ್ಲಿದ್ದ ವಿ.ವಿ. ಗಿರಿಯವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲಲೆಂದು ರಾಜೀನಾಮೆ ನೀಡಿದಾಗ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಕೆಲವು ವಾರ ಆ ಕುರ್ಚಿಯಲ್ಲಿ ಕುಳಿತಿದ್ದರು. ಜತ್ತಿಯವರು ಆ ಬಾಗಿಲ ಕಡೆಗೆ ನಡೆಯಲಿಲ್ಲ. ಒಂದು ದಿನ ತಡೆದರು, ಸಹಿ ಹಾಕಿದರು, ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಸ್ಥಾನವನ್ನು ಬಿಟ್ಟುಕೊಟ್ಟು ಮತ್ತೆ ಉಪರಾಷ್ಟ್ರಪತಿಯ ಕೆಲಸಕ್ಕೆ ಮರಳಿದರು.